ನ್ಯೂಟ್ರಾನ್ ಹಿಡಿಯುವ ಪಟ್ಟಿ: ಮುಂಬೈನಲ್ಲಿ ನಾನು ಮಾಡಿದ್ದು

ಎಲೆಕ್ಟ್ರಾನ್ ಹೊಡೆದು ನ್ಯೂಟ್ರಾನಿನ ಒಳರಚನೆ ತಿಳಿಯುವ ಪ್ರಯೋಗಗಳು ಅಮೆರಿಕದ ಜೆಫರ್ಸನ್ ಲ್ಯಾಬಿನಲ್ಲಿ ನಡೆಯುತ್ತವೆ. ಅಲ್ಲಿ ಬಳಸುವ ಬಗೆಯ ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಶಕ್ತಿ ಬಿಟ್ಟಾಗ ಮಿನುಗುವ ಪ್ಲಾಸ್ಟಿಕ್) ಪಟ್ಟಿಯನ್ನು ನಾನು ಮುಂಬೈನ ನಮ್ಮ ಲ್ಯಾಬಿನಲ್ಲಿ ಪರೀಕ್ಷಿಸಿದೆ.

ಬಿಡಿ ನ್ಯೂಟ್ರಾನಿನ ಸರಾಸರಿ ಆಯುಸ್ಸು 15 ನಿಮಿಷವೂ ಇಲ್ಲ. ಹಾಗಾಗಿ ಡ್ಯೂಟೀರಿಯಂ, ಅಂದರೆ ಪ್ರೋಟಾನ್ ಜೊತೆ ಒಂದು ನ್ಯೂಟ್ರಾನೂ ಇರುವ ಹೈಡ್ರೋಜನ್, ಅದರ ಮೇಲೆ ಎಲೆಕ್ಟ್ರಾನ್ ಹೊಡೆಯುತ್ತಾರೆ. ಹೊರಬಿದ್ದ ನ್ಯೂಟ್ರಾನಿಗೆ ವಿದ್ಯುದಂಶ ಇಲ್ಲ. ಪಟ್ಟಿಯೊಳಗೆ ಬಡಿದು ಪ್ರೋಟಾನನ್ನು ಎಬ್ಬಿಸಿದರೆ ಬೆಳಕು ಬರುತ್ತದೆ, ಇಲ್ಲವಾದರೆ ಸುಮ್ನೆ ದಾಟಿ ಹೋಗುತ್ತದೆ.

ಪಟ್ಟಿಯ ಬೆಳಕು ವಿದ್ಯುತ್ ಪಲ್ಸ್ ಆಗುತ್ತದೆ, ಎಷ್ಟು ದೊಡ್ಡ ಪಲ್ಸ್ ಆದರೆ ಎಣಿಸಬೇಕು ಎಂಬ ಮಿತಿಯೇ ಥ್ರೆಶೋಲ್ಡ್. ನನ್ನ ಹೆಚ್ಚಿನ ಸಮಯ ಅದಕ್ಕೇ ಹೋಯಿತು. ಅದು ಜಾಸ್ತಿಯಾದರೆ ನ್ಯೂಟ್ರಾನ್ ತಪ್ಪಿಹೋಗುತ್ತವೆ, ಕಡಿಮೆಯಾದರೆ ಬರೀ ನಾಯ್ಸ್. ಅದನ್ನು ಶಕ್ತಿಯ ಲೆಕ್ಕಕ್ಕೆ ತರಬೇಕು. ಮೊದಲು ವಿಕಿರಣ ಸೂಸುವ ಸೀಸಿಯಂ 137 ಇಟ್ಟೆ. ಅದರ ಗಾಮಾ ಕಿರಣದ ಶಕ್ತಿ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಪ್ಲಾಸ್ಟಿಕ್‌ನಲ್ಲಿ ಆ ಶಕ್ತಿಯಲ್ಲಿ ಎಣಿಕೆಯ ಶಿಖರ ಕಾಣುವುದಿಲ್ಲ, 477ರ ಹತ್ತಿರ ಕಾಂಪ್ಟನ್ ಅಂಚು (ಗಾಮಾ ಒಂದೇ ಪೆಟ್ಟಿಗೆ ಎಲೆಕ್ಟ್ರಾನಿಗೆ ಕೊಡಬಲ್ಲ ಗರಿಷ್ಠ ಶಕ್ತಿ) ಕಾಣುತ್ತದೆ. ಇನ್ನೂ ಹೆಚ್ಚಿನ ಶಕ್ತಿಗೆ ಆಕಾಶದಿಂದ ಬರುವ, ವಿದ್ಯುದಂಶ ಇರುವ ಮ್ಯೂಆನ್ ಕಣಗಳೇ ಸಾಕು. ಅವು ಪ್ರತಿ ಸೆಂಟಿಮೀಟರಿಗೆ ಸುಮಾರು 2 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಬಿಟ್ಟುಹೋಗುತ್ತವೆ. ಮಳೆಗಾಲದಲ್ಲಿ ಮುಂಬೈಯ ತೇವಕ್ಕೆ ಹೈ ವೋಲ್ಟೇಜ್ ಕನೆಕ್ಟರ್‌ಗಳಲ್ಲಿ ಕರೆಂಟ್ ಸೋರುತ್ತದೆ. ಅದಕ್ಕೇ ಪ್ರತಿ ರನ್‌ಗೂ ಮುಂಚೆ ಮ್ಯೂಆನ್ ಶಿಖರ ನೋಡುತ್ತಿದ್ದೆ.

ಇನ್ನು ಸಮಯ. ಗಾಮಾ ಬಡಿದರೂ ಪಟ್ಟಿ ಬೆಳಗುತ್ತದೆ, ನ್ಯೂಟ್ರಾನನ್ನು ಅದರಿಂದ ಬೇರೆ ಮಾಡುವುದು ಬಂದು ತಲುಪುವ ಸಮಯದಿಂದ. 1 ಮೀಟರ್ ದಾಟಲು ಗಾಮಾಕ್ಕೆ 3.3 ನ್ಯಾನೋಸೆಕೆಂಡ್ ಬೇಕು. 1 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಸಂವೇಗದ ನ್ಯೂಟ್ರಾನಿಗೆ 4.6. ಎರಡನ್ನೂ ಬೇರೆ ಮಾಡಲು ಇರುವ ಜಾಗ ಇಷ್ಟೇ. ದೊಡ್ಡ ಪಲ್ಸ್ ಥ್ರೆಶೋಲ್ಡನ್ನು ಬೇಗ ದಾಟುತ್ತದೆ, ಸಣ್ಣದು ತಡವಾಗಿ. ಪಲ್ಸ್ ಗಾತ್ರ ನೋಡಿ ಈ ವ್ಯತ್ಯಾಸ ಸರಿಮಾಡಿದೆ. ಪಟ್ಟಿಯ ಎರಡೂ ತುದಿಗೆ ಬೆಳಕು ತಲುಪಿದ ಸಮಯದ ಸರಾಸರಿ ತೆಗೆದರೆ, ಪೆಟ್ಟು ಪಟ್ಟಿಯಲ್ಲಿ ಎಲ್ಲಿ ಬಿತ್ತು ಎಂಬುದು ಅಡ್ಡ ಬರುವುದಿಲ್ಲ.

ಧಾರವಾಡದಿಂದ ಬಂದ ಹುಡುಗನೊಬ್ಬ ಕೇಳಿದ: "ಮೇಡಂ, ಸಿಮ್ಯುಲೇಶನ್ ಐತಲ್ರಿ, ಮತ್ತ ಅಳೆಯೋದು ಯಾಕ್ರಿ?"

ಒಳ್ಳೆಯ ಪ್ರಶ್ನೆ. ಡ್ಯೂಟೀರಿಯಂನಲ್ಲಿ ನ್ಯೂಟ್ರಾನ್, ಪ್ರೋಟಾನ್ ಎಣಿಕೆಯ ಅನುಪಾತ ತೆಗೆದರೆ ಎಷ್ಟೋ ದೋಷಗಳು ಹೊಡೆದುಹೋಗುತ್ತವೆ. ನ್ಯೂಟ್ರಾನ್ ಹಿಡಿಯುವ ದಕ್ಷತೆ, ಅಂದರೆ ಬಂದ ನ್ಯೂಟ್ರಾನ್‌ಗಳಲ್ಲಿ ಎಷ್ಟು ಪಾಲು ಸಿಕ್ಕವು ಎಂಬುದು, ಮಾತ್ರ ಹಾಗೇ ಉಳಿಯುತ್ತದೆ. ಅದರಲ್ಲಿ ಶೇಕಡಾ 3 ತಪ್ಪಿದರೆ ಅನುಪಾತವೂ ಅಷ್ಟೇ ತಪ್ಪುತ್ತದೆ. ಮ್ಯೂಆನ್ ಇಲ್ಲಿ ನೆರವಿಗೆ ಬರುವುದಿಲ್ಲ, ಅದು ಹಾದಾಗಲೆಲ್ಲ ಬೆಳಕು ಕೊಡುತ್ತದೆ. ಸಿಮ್ಯುಲೇಶನ್ ಒಂದನ್ನೇ ನಾನು ನಂಬುವುದಿಲ್ಲ. ಹೈಡ್ರೋಜನ್ ಮೇಲೆ ಎಲೆಕ್ಟ್ರಾನ್ ಹೊಡೆದಾಗ ಕೆಲವೊಮ್ಮೆ ಪಾಸಿಟಿವ್ ಪಯಾನ್ ಎಂಬ ಕಣ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಎಲೆಕ್ಟ್ರಾನ್, ಪಯಾನ್ ಸಿಕ್ಕರೆ ನ್ಯೂಟ್ರಾನ್ ಎಲ್ಲಿಗೆ ಹೋಗಿರಬೇಕು ಎಂದು ಲೆಕ್ಕ ಹಾಕಬಹುದು. ಆ ಪಟ್ಟಿ ಬೆಳಗಿತೇ ಎಂದು ನೋಡಿದರೆ ದಕ್ಷತೆ ಸಿಕ್ಕಿತು, ಅಲ್ವಾ? ಆದರೆ ಹೈಡ್ರೋಜನ್ ರನ್‌ಗೂ ಡ್ಯೂಟೀರಿಯಂ ರನ್‌ಗೂ ಥ್ರೆಶೋಲ್ಡ್ ಒಂದೇ ಇರಬೇಕು.