ಪಟದ ಕೆಳಗೆ ಎರಡು ಇಸವಿ: ಶಾಲೆಯ ಗೋಡೆಗೆ ಹಳೆಯ ವಿಜ್ಞಾನದ ಚಿತ್ರ ಹಾಕುವ ಬಗೆ

ತೀರ್ಥಹಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಫೆಬ್ರವರಿ 28ರ ವಿಜ್ಞಾನ ದಿನ ಬಂತೆಂದರೆ ನನಗೊಂದು ಹುಚ್ಚು. ಹಳೆಯ ಕಾಲದ ಟೆಲಿಸ್ಕೋಪು, ಮೈಕ್ರೋಸ್ಕೋಪು, ಚಂದ್ರ, ಗ್ರಹಣ, ಇಂಥ ಪಟಗಳನ್ನು ಮುದ್ರಿಸಿ ಗೋಡೆ ತುಂಬ ಹಾಕುತ್ತಿದ್ದೆ. ನಿವೃತ್ತಿಯಾದ ಮೇಲೂ ಸುತ್ತಲಿನ ಶಾಲೆಗಳಿಂದ ಕರೆ ಬರುತ್ತದೆ. ಆದರೆ ಈಗ ಮಂಡಿ ನೋವು, ಬಸ್ಸು ಹತ್ತಿ ಇಳಿಯುವುದೇ ಕಷ್ಟ. "ಹೇಗೆ ಮಾಡೋದು ಅಂತ ಬರೆದಾದರೂ ಕೊಡಿ ಟೀಚರೇ" ಅಂದರು. ಅದಕ್ಕೇ ಇದು.

ಮೊದಲು ನಾನು ಎಡವಿದ್ದನ್ನು ಹೇಳಿಬಿಡುತ್ತೇನೆ. ಮೊದಲ ವರ್ಷದ ಪ್ರದರ್ಶನದಲ್ಲಿ ಒಂದು ಪಟಕ್ಕೆ ಬಾಗಿಲ ಎದುರೇ ಜಾಗ ಕೊಟ್ಟಿದ್ದೆ. ನೀವೂ ನೋಡಿರುತ್ತೀರಿ. ಒಬ್ಬ ಮನುಷ್ಯ ಭೂಮಿಯ ಅಂಚಿನಲ್ಲಿ ಮಂಡಿಯೂರಿ, ಆಕಾಶದ ಕೊಡೆಯಲ್ಲಿ ತಲೆ ತೂರಿಸಿ, ಆಚೆ ಕಡೆಯ ಚಕ್ರಗಳನ್ನು ನೋಡುತ್ತಿರುತ್ತಾನೆ. ಅದರ ಕೆಳಗೆ "16ನೇ ಶತಮಾನದ ಚಿತ್ರ" ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಅತಿಥಿಯಾಗಿ ಬಂದಿದ್ದ ಹಿರಿಯ ಉಪನ್ಯಾಸಕರೊಬ್ಬರು ಕಾಫಿ ಕುಡಿಯುತ್ತಾ ಮೆಲ್ಲಗೆ ಅಂದರು, "ಇದು 1888ರದ್ದಲ್ವೇನಮ್ಮಾ?" ನಿಜ. ಫ್ಲಾಮರಿಯಾನ್ ಎಂಬ ಫ್ರೆಂಚ್ ಖಗೋಳಜ್ಞ ವಾತಾವರಣದ ಬಗ್ಗೆ ಬರೆದ ಪುಸ್ತಕದಲ್ಲಿ ಆ ವರ್ಷ ಅಚ್ಚಾದದ್ದು. ಅದಕ್ಕಿಂತ ಹಿಂದಿನ ಪ್ರತಿ ಎಲ್ಲೂ ಸಿಕ್ಕಿಲ್ಲ. ಹಳೆಯ ಮರದಚ್ಚಿನ ಹಾಗೆ ಕಾಣಲಿ ಅಂತಲೇ ಬರೆದ ಚಿತ್ರ ಅದು. ನನ್ನ ಮುಖ ಇಷ್ಟಾಯಿತು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಪ್ರತಿ ಪಟದ ಕೆಳಗೆ ಎರಡು ಇಸವಿ. ಒಂದು, ಸಂಗತಿ ನಡೆದ ಇಸವಿ. ಇನ್ನೊಂದು, ಚಿತ್ರ ಬರೆದ ಅಥವಾ ಅಚ್ಚಾದ ಇಸವಿ. ಎರಡನೆಯದು ಗೊತ್ತಾಗದಿದ್ದರೆ ಆ ಪಟ ಗೋಡೆಗೆ ಏರುವುದಿಲ್ಲ, ಎಷ್ಟೇ ಚೆಂದ ಇರಲಿ.

ಹೀಗೆ ಮಾಡಿದರೆ ಏನಾಗುತ್ತದೆ ನೋಡಿ. ಗೆಲಿಲಿಯೊ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ನೋಡಿ ಬರೆದ ಚಿತ್ರಕ್ಕೆ 1609, 1610 ಅಂತ ಬರುತ್ತದೆ. ನೋಡಿದ್ದು ಚಳಿಗಾಲದಲ್ಲಿ, ವೆನಿಸ್ಸಿನಲ್ಲಿ ಪುಸ್ತಕ ಹೊರಬಂದದ್ದು ಮಾರ್ಚಿನಲ್ಲಿ. ಅದೇ ಗೆಲಿಲಿಯೊ ವೆನಿಸ್ಸಿನ ದೊರೆಗೆ ಟೆಲಿಸ್ಕೋಪು ತೋರಿಸುತ್ತಿರುವ ಬಣ್ಣದ ಚಿತ್ರ ಬರ್ಟಿನಿ ಎಂಬ ಕಲಾವಿದನದು. ಅದಕ್ಕೆ 1609, 1858. ನಡುವೆ 249 ವರ್ಷ! ಬರೆದವನು ಅಲ್ಲಿ ಇರಲಿಲ್ಲ, ಅವನ ಮುತ್ತಜ್ಜನೂ ಇರಲಿಲ್ಲ. ಹಾಗಂತ ಕಿತ್ತು ಬಿಸಾಡಬೇಡಿ. ಎರಡನ್ನೂ ಪಕ್ಕಪಕ್ಕ ಹಾಕಿ. ಮಕ್ಕಳೇ ಕಳೆಯುವ ಲೆಕ್ಕ ಮಾಡುತ್ತಾರೆ.

ದೊಡ್ಡ ದೊಡ್ಡವರೂ ಎಡವಿದ್ದಾರೆ, ಅದೊಂದು ಸಮಾಧಾನ. 2005ರಲ್ಲಿ ಗೆಲಿಲಿಯೊನ ಅದೇ ಪುಸ್ತಕದ ಒಂದು ಪ್ರತಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡಿತು. ಒಳಗೆ ಚಂದ್ರನ ನೀರ್ಬಣ್ಣದ ಚಿತ್ರಗಳು. ಗೆಲಿಲಿಯೊನೇ ಕೈಯಾರೆ ಬರೆದದ್ದು ಅಂತ ಪಂಡಿತರು ಪರೀಕ್ಷೆ ಮಾಡಿ ಒಪ್ಪಿದರು. 2012ರಲ್ಲಿ ನಿಕ್ ವೈಲ್ಡಿಂಗ್ ಎಂಬ ಇತಿಹಾಸಕಾರ ಅದು ಪೂರಾ ಖೋಟಾ ಅಂತ ತೋರಿಸಿಕೊಟ್ಟರು. ಈಗಲೂ ಆ ಚಿತ್ರಗಳು ಅಲ್ಲಿ ಇಲ್ಲಿ ಓಡಾಡುತ್ತಿರುತ್ತವೆ, ಹುಷಾರು.

ಚಿತ್ರ ಎಲ್ಲಿ ಸಿಗುತ್ತದೆ? ವಾಟ್ಸಾಪಿನಲ್ಲಿ ಬಂದದ್ದನ್ನು ಮಾತ್ರ ಬಳಸಬೇಡಿ. ವಿಕಿಮೀಡಿಯಾ ಕಾಮನ್ಸ್, ಇಂಟರ್ನೆಟ್ ಆರ್ಕೈವ್, ಲಂಡನ್ನಿನ ವೆಲ್‌ಕಮ್ ಕಲೆಕ್ಷನ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಇಷ್ಟು ಸಾಕು. ಕಾಮನ್ಸಿನಲ್ಲಿ ಚಿತ್ರದ ಕೆಳಗೆ ಬರೆದವರು ಯಾರು, ಯಾವಾಗ, ಎಲ್ಲಿಂದ ತೆಗೆದದ್ದು ಅಂತ ಒಂದು ಪಟ್ಟಿ ಇರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ. ಆ ಪಟ್ಟಿಯಲ್ಲಿ ಪುಸ್ತಕದ ಹೆಸರಿದ್ದರೆ ಆರ್ಕೈವಿಗೆ ಹೋಗಿ ಆ ಪುಸ್ತಕ ತೆರೆಯಿರಿ. ಮೊದಲ ಪುಟದಲ್ಲಿ ಇಸವಿ ಇರುತ್ತದೆ, ಹೆಚ್ಚಾಗಿ ರೋಮನ್ ಅಂಕಿಯಲ್ಲಿ. ಒಂಬತ್ತನೇ ಕ್ಲಾಸಿನವರಿಗೆ ಅದನ್ನು ಬಿಡಿಸಲು ಕೊಡಿ, ಪದಬಂಧ ಬಿಡಿಸಿದ ಹಾಗೆ ಬಿಡಿಸುತ್ತಾರೆ. ಮೂಲ ಗೊತ್ತಿಲ್ಲದ ಚಿತ್ರವಾದರೆ ಗೂಗಲ್ ಲೆನ್ಸಿಗೆ ಹಾಕಿ ಹುಡುಕಿ.

ಹಕ್ಕಿನ ವಿಷಯ ಚಿಕ್ಕದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದ್ದು. ಆದರೆ ಮ್ಯೂಸಿಯಮ್ಮಿನಲ್ಲಿರುವ ಹಳೆಯ ಉಪಕರಣದ ಫೋಟೊವನ್ನು ಇತ್ತೀಚೆಗೆ ಯಾರೋ ತೆಗೆದಿದ್ದರೆ ಫೋಟೊ ಅವರದ್ದು. ಲೈಸೆನ್ಸಿನ ಸಾಲು ನೋಡಿಕೊಳ್ಳಿ, ಅವರ ಹೆಸರು ಹಾಕಿ.

ಎಷ್ಟು ಪಟ? ಎಂಟು ಸಾಕು. ನಲವತ್ತು ಹಾಕಿದ ವರ್ಷ ಮಕ್ಕಳು ಜಾತ್ರೆಯಲ್ಲಿ ನಡೆದ ಹಾಗೆ ನಡೆದು ಹೋದರು.

ನನ್ನ ಎಂಟರಲ್ಲಿ ತಪ್ಪದೇ ಇರುವವು ಕೆಲವು. ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆಯ ಗೋಡೆಯ ಕ್ವಾಡ್ರಂಟು, 1598ರ ಪುಸ್ತಕದ್ದು. ಟೆಲಿಸ್ಕೋಪು ಇನ್ನೂ ಬಂದಿರದ ಕಾಲ. ಗೋಡೆಗೆ ಕೂರಿಸಿದ ದೊಡ್ಡ ಹಿತ್ತಾಳೆಯ ಕಾಲು ವೃತ್ತದಿಂದ ನಕ್ಷತ್ರದ ಎತ್ತರ ಅಳೆಯುತ್ತಿದ್ದರು. ಮಧ್ಯದಲ್ಲಿ ಕೈ ಎತ್ತಿ ಕೂತ ಟೈಕೊ ಇದ್ದಾನಲ್ಲ, ಅವನು ಗೋಡೆಯ ಮೇಲೆ ಬರೆದ ಚಿತ್ರ! ಕಾಲ ಬಳಿಯ ನಾಯಿಯೂ ಅಷ್ಟೇ. ನಿಜವಾಗಿ ನಕ್ಷತ್ರ ನೋಡುತ್ತಿರುವವನು ಬಲ ಅಂಚಿನಲ್ಲಿ ಅರ್ಧ ಕಾಣುತ್ತಾನೆ. ಒಬ್ಬ ಗಡಿಯಾರ ನೋಡುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ. "ಇದರಲ್ಲಿ ನಿಜವಾದ ಜನ ಎಷ್ಟು, ಚಿತ್ರದ ಜನ ಎಷ್ಟು?" ಅಂತ ಕೇಳಿಬಿಟ್ಟರೆ ಹತ್ತು ನಿಮಿಷ ಯಾರೂ ಕದಲುವುದಿಲ್ಲ.

ಹೆವೇಲಿಯಸ್ ದಂಪತಿಯ ಪಟ 1673ರದ್ದು. ಗಂಡ ಯೊಹಾನೆಸ್, ಹೆಂಡತಿ ಎಲಿಸಬೆತಾ, ಇಬ್ಬರೂ ಕೋನ ಅಳೆಯುವ ಒಂದೇ ದೊಡ್ಡ ಸೆಕ್ಸ್ಟಂಟಿನ ಎರಡು ಕಡೆ ನಿಂತು ಅಳತೆ ಮಾಡುತ್ತಿದ್ದಾರೆ. ಗಂಡ 1687ರಲ್ಲಿ ತೀರಿಕೊಂಡ ಮೇಲೆ ನಕ್ಷತ್ರಗಳ ಪಟ್ಟಿಯನ್ನು 1690ರಲ್ಲಿ ಅಚ್ಚಿಗೆ ತಂದವಳು ಆಕೆಯೇ. ಈ ಪಟದ ಮುಂದೆ ಹುಡುಗಿಯರು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಾರೆ. ನಾನೇನೂ ಹೇಳಿಕೊಡುವುದಿಲ್ಲ.

1665ರಲ್ಲಿ ಅಚ್ಚಾದ ರಾಬರ್ಟ್ ಹುಕ್‌ನ ಚಿಗಟದ ಚಿತ್ರಕ್ಕೆ ಯಾವಾಗಲೂ ಗುಂಪು. ಪುಸ್ತಕದಲ್ಲಿ ಮಡಿಸಿಟ್ಟ ದೊಡ್ಡ ಹಾಳೆ ಅದು. ಬಿಡಿಸಿದರೆ ಚಿಗಟ ಬೆಕ್ಕಿನಷ್ಟು ದೊಡ್ಡದು. "ಇಂಬಳದ್ದು ಇಲ್ವಾ ಟೀಚರ್?" ಅಂತ ಒಬ್ಬ ಕೇಳಿಯೇ ಕೇಳುತ್ತಾನೆ. ಜೊತೆಗೆ ಹುಕ್‌ನ ಮೈಕ್ರೋಸ್ಕೋಪಿನ ಚಿತ್ರವನ್ನೂ ಹಾಕಿ. ಎಣ್ಣೆ ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟು ಬೆಳಕನ್ನು ಒಂದೇ ಕಡೆ ಬೀಳುವ ಹಾಗೆ ಮಾಡಿದ್ದ. ಕರೆಂಟು ಹೋದ ದಿನ ದುಂಡಗಿನ ಗಾಜಿನ ಬಾಟಲಿ, ನೀರು, ಮೋಂಬತ್ತಿ ಇಟ್ಟು ಮಾಡಿ ತೋರಿಸಬಹುದು. ನಮ್ಮಲ್ಲಿ ಕರೆಂಟು ಹೋಗುವುದಕ್ಕೇನು ಬರಗಾಲವಿಲ್ಲ.

ನಮ್ಮ ದೇಶದ್ದೂ ಇರಲಿ. ಜೈಪುರದ ಜಂತರ್ ಮಂತರಿನ ಸಾಮ್ರಾಟ್ ಯಂತ್ರ, 27 ಮೀಟರ್ ಎತ್ತರದ ನೆರಳು ಗಡಿಯಾರ. ಕೊಡೈಕೆನಾಲಿನ ವೀಕ್ಷಣಾಲಯ ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದ ಸೂರ್ಯನ ಫೋಟೊಗಳು. ಮದರಾಸಿನ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ 1874ರ ಡಿಸೆಂಬರಿನ ಶುಕ್ರ ಸಂಕ್ರಮಣದ (ಶುಕ್ರ ಸೂರ್ಯನ ಮುಂದೆ ಚುಕ್ಕೆಯಾಗಿ ಹಾದು ಹೋಗುವುದು) ಬಗ್ಗೆ ಜನರಿಗಾಗಿ ಬರೆದ ಪುಸ್ತಿಕೆ ಕನ್ನಡದಲ್ಲೂ ಬಂದಿತ್ತು ಅಂದರೆ ಮಕ್ಕಳಿಗೆ ಆಶ್ಚರ್ಯ.

ಸೂರ್ಯನ ಪಟ ಹಾಕಿದ ದಿನ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಬೈನಾಕ್ಯುಲರಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಅದರ ಬದಲು ತೋಟಕ್ಕೆ ಕರೆದುಕೊಂಡು ಹೋಗಿ. ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ದುಂಡು ಬೆಳಕಿನ ಚುಕ್ಕೆಗಳಿವೆಯಲ್ಲ, ಅವೆಲ್ಲ ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ನಮ್ಮ ತೋಟದ ನೆಲದ ತುಂಬ ಕುಡುಗೋಲು ಚೆಲ್ಲಿದ ಹಾಗಿತ್ತು.

ಇನ್ನು ಮುದ್ರಣ. ಎ4 ಹಾಳೆಗೆ ಸ್ಪಷ್ಟವಾಗಿ ಬರಬೇಕಾದರೆ ಚಿತ್ರ ಸುಮಾರು 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಉದ್ದ ಇರಬೇಕು. ದೂರದಿಂದ ನೋಡುವ ಎ3 ಪಟಕ್ಕೂ ಇಷ್ಟಿದ್ದರೆ ನಡೆಯುತ್ತದೆ. ಫೈಲು ದೊಡ್ಡದು, ನಮ್ಮ ಹಳ್ಳಿಯ ನೆಟ್‌ವರ್ಕಿಗೆ ಬೇಗ ಇಳಿಯುವುದಿಲ್ಲ. ನಾನು ಶಿವಮೊಗ್ಗಕ್ಕೆ ಹೋದಾಗ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುತ್ತಿದ್ದೆ. ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸುವುದೇ ಆದರೆ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ, ಚಿಗಟದ ಕಾಲಿನ ಕೂದಲೆಲ್ಲ ಮಾಯ.

ಅಂಗಡಿಯ ಹುಡುಗರಿಗೆ ಮೊದಲೇ ಹೇಳಿ: ಬಣ್ಣ ತಿದ್ದಬೇಡ, ಅಂಚು ಕತ್ತರಿಸಬೇಡ, ತಿರುಗಿಸಬೇಡ. ಒಮ್ಮೆ ಒಂದು ಅಂಗಡಿಯಲ್ಲಿ ಹಳೆಯ ಚಂದ್ರನ ನಕ್ಷೆ "ತಲೆಕೆಳಗಾಗಿದೆ ಮೇಡಂ" ಅಂತ ಪ್ರೀತಿಯಿಂದ ನೆಟ್ಟಗೆ ಮಾಡಿಕೊಟ್ಟಿದ್ದರು. ಎಷ್ಟೋ ಟೆಲಿಸ್ಕೋಪುಗಳಲ್ಲಿ ಬಿಂಬ ತಲೆಕೆಳಗಾಗಿಯೇ ಕಾಣುತ್ತದೆ, ಅದಕ್ಕೇ ಹಳೆಯ ನಕ್ಷೆಗಳಲ್ಲಿ ದಕ್ಷಿಣ ಮೇಲೆ. ತಾಮ್ರದ ತಗಡಿನ ಅಚ್ಚಿನಲ್ಲಿ ಎಡ ಬಲ ಅದಲು ಬದಲಾಗುವುದೂ ಉಂಟು, ರಬ್ಬರ್ ಸ್ಟ್ಯಾಂಪಿನ ಹಾಗೆ. ಇದ್ದ ಹಾಗೇ ಇರಲಿ, ಮಕ್ಕಳು ಕೇಳಲಿ.

ಮಲೆನಾಡಿಗೆ ಬೇರೆಯದೇ ಕಷ್ಟವಿದೆ. ಥಂಡಿ. ಇಂಕ್‌ಜೆಟ್ಟಿನಲ್ಲಿ ತೆಗೆದರೆ ಶಾಯಿ ಹರಡುತ್ತದೆ, ಲೇಸರ್ ಪ್ರಿಂಟೇ ತೆಗೆಸಿ. ಲ್ಯಾಮಿನೇಷನ್ ಮಾಡಿಸುವುದಾದರೆ ಒಣಗಿದ ದಿನ ಮಾಡಿಸಿ. ನಾನು ಶ್ರಾವಣದಲ್ಲಿ ಮಾಡಿಸಿದ್ದೆ, ಒಳಗೇ ಬೂಸ್ಟು ಹಿಡಿದು ಚಂದ್ರನ ಮೇಲೆ ಹೊಸ ಕುಳಿಗಳು ಮೂಡಿದವು! ಹೊಳೆಯುವ ಹಾಳೆಯೂ ಬೇಡ, ಮ್ಯಾಟ್ ಕೇಳಿ. ಇಲ್ಲದಿದ್ದರೆ ಪಟದಲ್ಲಿ ಕಿಟಕಿಯೇ ಕಾಣುತ್ತದೆ. ಮೈದಾ ಅಂಟು ಹಚ್ಚಿದರೆ ಹುಳ ಬರುತ್ತದೆ. ಗೋಡೆಗೆ ಅಂಟಿಸುವ ಬದಲು ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ, ಎರಚಲು ಹೊಡೆಯುವ ಗೋಡೆಯಿಂದ ದೂರ. ಮಕ್ಕಳ ಕಣ್ಣಿನ ಎತ್ತರಕ್ಕೆ, ಸುಮಾರು ನಾಲ್ಕು ಅಡಿಗೆ.

ಈಗ ನನಗೆ ಅತಿ ಇಷ್ಟದ ಭಾಗ. ಚಂದ್ರನ ಎರಡು ಪಟ ಪಕ್ಕಪಕ್ಕ ಹಾಕಿ. ಒಂದು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನದು. ಈಗಿನ ಕ್ಯಾಲೆಂಡರಿನ ಪ್ರಕಾರ 1609ರ ಆಗಸ್ಟ್ 5ರಂದು ಬರೆದದ್ದು, ಗೆಲಿಲಿಯೊಗಿಂತ ನಾಲ್ಕು ತಿಂಗಳು ಮೊದಲು. ಅವನ ಟೆಲಿಸ್ಕೋಪು ಆರು ಪಟ್ಟು ಹಿಗ್ಗಿಸುತ್ತಿತ್ತು. ಅದರಲ್ಲಿ ಒಂದು ಅಂಕುಡೊಂಕು ಗೆರೆ, ಒಂದಿಷ್ಟು ಮಸಿ, ಅಷ್ಟೇ. ಇನ್ನೊಂದು ಗೆಲಿಲಿಯೊನದು, ಸುಮಾರು ಇಪ್ಪತ್ತು ಪಟ್ಟಿನ ಟೆಲಿಸ್ಕೋಪಿನಲ್ಲಿ ನೋಡಿದ್ದು. ಅದರಲ್ಲಿ ಬೆಟ್ಟ, ಕುಳಿ, ನೆರಳು. ಇಬ್ಬರೂ ನೋಡಿದ್ದು ಒಂದೇ ಚಂದ್ರನನ್ನು. ಗೆಲಿಲಿಯೊನ ಟೆಲಿಸ್ಕೋಪು ಚೆನ್ನಾಗಿತ್ತು, ನಿಜ. ಆದರೆ ಅವನಿಗೆ ನೆರಳು ಬೆಳಕಿನ ಚಿತ್ರ ಬರೆದು ಅಭ್ಯಾಸವಿತ್ತು. ಕತ್ತಲ ಭಾಗದೊಳಗೆ ಒಂಟಿಯಾಗಿ ಹೊಳೆಯುವ ಚುಕ್ಕೆಗಳನ್ನು ಕಂಡು, ಅವು ಬೆಟ್ಟದ ತುದಿಗಳು ಅಂದ. ಭೂಮಿಯ ಮೇಲೂ ಬೆಳಗಿನ ಬಿಸಿಲು ಮೊದಲು ಬೆಟ್ಟದ ನೆತ್ತಿಗೆ ಬೀಳುವುದಿಲ್ಲವೇ ಅಂತ ಅವನೇ ಕೇಳಿದ್ದಾನೆ.

ಇದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಂದಾದ್ರಿಯ ತುದಿ ಕೆಂಪಾದಾಗ ಕೆಳಗಿನ ಗದ್ದೆಯಲ್ಲಿ ಇನ್ನೂ ಮಂಜು, ಕತ್ತಲು. ಅದನ್ನು ದಿನಾ ನೋಡಿಕೊಂಡೇ ಸ್ಕೂಲಿಗೆ ಬರುತ್ತಾರೆ. ಒಂದು ವರ್ಷ ಎಂಟನೇ ಕ್ಲಾಸಿನ ಹುಡುಗಿ ಪಟ ನೋಡಿ, "ಆದರೆ ಟೀಚರ್, ಈ ಕುಳಿ ಇಷ್ಟು ದೊಡ್ಡದಿಲ್ಲ. ಸುಳ್ಳು ಬರೆದಿದ್ದಾನೆ" ಅಂದಳು. ಸರಿಯಾಗಿಯೇ ಹಿಡಿದಿದ್ದಳು. ಗೆಲಿಲಿಯೊ ಆ ಒಂದು ಕುಳಿಯನ್ನು ಬೇಕಾದ್ದಕ್ಕಿಂತ ಬಹಳ ದೊಡ್ಡದು ಮಾಡಿ ತೋರಿಸಿದ್ದಾನೆ. "ಸುಳ್ಳೋ, ಪಾಠ ಮಾಡೋದಕ್ಕೆ ದೊಡ್ಡದು ಮಾಡಿದ್ದೋ? ನಾನು ಬೋರ್ಡಿನ ಮೇಲೆ ಹೃದಯ ಬರೀತೀನಲ್ಲ, ಅದು ನಿನ್ನ ಹೃದಯದಷ್ಟೇ ಇರುತ್ತಾ?" ಅಂದೆ. ಅವಳು ಪೂರ್ತಿ ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ನನಗೆ ಖುಷಿ.

ಆದ್ದರಿಂದ ಪ್ರದರ್ಶನದ ಹತ್ತಿರದ ಶುಕ್ಲ ಪಕ್ಷದ ಸಪ್ತಮಿ ಅಥವಾ ಅಷ್ಟಮಿಯ ಸಂಜೆ ಮಕ್ಕಳನ್ನು ಅಂಗಳಕ್ಕೆ ಕರೆಯಿರಿ. ಹುಣ್ಣಿಮೆ ಬೇಡ. ಅವತ್ತು ನೆರಳೇ ಇರುವುದಿಲ್ಲ, ಚಂದ್ರ ದೋಸೆಯ ಹಾಗೆ ಚಪ್ಪಟೆ. ಹತ್ತು ಪಟ್ಟಿನ ಸಾದಾ ಬೈನಾಕ್ಯುಲರ್ ಸಾಕು, ಹ್ಯಾರಿಯಟ್‌ನದಕ್ಕಿಂತ ಮೇಲು. ಕೈ ನಡುಗದ ಹಾಗೆ ಜಗಲಿ ಕಂಬಕ್ಕೆ ಒತ್ತಿ ಹಿಡಿಯಬೇಕು. ಒಂದು ಬಿಳಿ ಹಾಳೆಯಲ್ಲಿ ಬಟ್ಟಲಿಟ್ಟು ವೃತ್ತ ಎಳೆದು ಕೊಡಿ, ಪೆನ್ಸಿಲ್ ಕೊಡಿ, ಹದಿನೈದು ನಿಮಿಷ ಬಿಟ್ಟುಬಿಡಿ. ಅವರು ಬರೆದದ್ದು ಮರುದಿನ ಹ್ಯಾರಿಯಟ್‌ನ ಪಕ್ಕ ತೂಗಲಿ. ಅದಕ್ಕೂ ಎರಡು ಇಸವಿ ಬರೆಸಿ. ಎರಡೂ ಒಂದೇ ಆಗಿರುತ್ತವೆ.

ಮಕ್ಕಳ ಮನೆಯ ಅಟ್ಟದಲ್ಲಿ ಹಳೆಯ ಪಂಚಾಂಗ, ತಾಳೆಗರಿ ಇರಬಹುದು. ತರಲು ಹೇಳಬೇಡಿ, ಮುರಿದು ಹೋಗುತ್ತವೆ. ಮನೆಯಲ್ಲೇ, ಫ್ಲ್ಯಾಷ್ ಹಾಕದೆ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು ತಂದರೆ ಸಾಕು. ಗ್ರಹಣದ ಪುಟ ಸಿಕ್ಕಿದರೆ ಅದು ನಿಮ್ಮ ಒಂಬತ್ತನೇ ಪಟ.

ಪ್ರದರ್ಶನ ಮುಗಿದ ಮೇಲೆ ಸುರುಳಿ ಸುತ್ತಬೇಡಿ, ಮಡಿಸಲೂ ಬೇಡಿ. ಎರಡು ರಟ್ಟಿನ ನಡುವೆ ಮಟ್ಟಸವಾಗಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಗಡಿನ ಟ್ರಂಕಿಗೆ ಹಾಕಿ. ಟ್ರಂಕು ನೆಲಕ್ಕೆ ತಾಗದಿರಲಿ, ಕೆಳಗೆ ನಾಲ್ಕು ಇಟ್ಟಿಗೆ ಇಡಿ, ಒರಲೆ ಕಾಟ. ಇದೆಲ್ಲ ಮೃಗಶಿರಾ ಮಳೆ ಹಿಡಿಯುವ ಮುಂಚೆ ಆಗಬೇಕು. ಮಳೆಗಾಲದ ಮಧ್ಯೆ ನಾಲ್ಕು ದಿನ ಹೊಳವಾದಾಗ ಒಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಆಗ ಯಾರಾದರೂ ಮಕ್ಕಳು ಹತ್ತಿರವಿದ್ದರೆ, ಆರಿದ್ರಾ ಮಳೆಯಲ್ಲಿ ಆರಿದ್ರಾ ನಕ್ಷತ್ರ ಯಾಕೆ ಕಾಣುವುದಿಲ್ಲ ಅಂತ ಕೇಳಿ. ಮೋಡ ಅಂತ ತಟ್ಟನೆ ಹೇಳುತ್ತಾರೆ. ಮೋಡ ಸರಿದರೂ ಕಾಣುವುದಿಲ್ಲ, ಯಾಕೆ ಅಂತ ಮತ್ತೆ ಕೇಳಿ. ಆಗ ಸೂರ್ಯ ಅದೇ ನಕ್ಷತ್ರದ ಹತ್ತಿರ ಇರುತ್ತಾನೆ ಅನ್ನುವ ಉತ್ತರಕ್ಕೆ ಬರಲು ನಮ್ಮ ಹುಡುಗರಿಗೆ ಒಂದು ವಾರ ಹಿಡಿದಿತ್ತು.