ಒಂದು ತೋಟಕ್ಕೆ ಒಂದೇ ಗೆರೆ: ಕಾಫಿ ತೋಟದ ಗಡಿಯನ್ನು ಹೊರದೇಶಕ್ಕೆ ಕಳಿಸುವ ಬಗೆ

ಹೋದ ವರ್ಷ ಮೂಡಿಗೆರೆ ತಾಲ್ಲೂಕಿನ ನಮ್ಮ ಊರಿನ ಏಳು ಕಾಫಿ ತೋಟಗಳು ನಕ್ಷೆಯಲ್ಲಿ ಒಂದೇ ಚುಕ್ಕಿಯ ಮೇಲೆ ಕೂತಿದ್ದವು. ಅದರಲ್ಲಿ ನನ್ನದೂ ಒಂದು. ಜಾಗದ ಅಂಕಿಗಳನ್ನು (ಅಕ್ಷಾಂಶ, ರೇಖಾಂಶ) ನಾನೇ ಮೊಬೈಲಿನಲ್ಲಿ ಹಿಡಿದು ಪಟ್ಟಿ ಮಾಡಿ ಕೊಟ್ಟಿದ್ದೆ. ಅದು ನಾಲ್ಕು ಕೈ ದಾಟುವಷ್ಟರಲ್ಲಿ ಯಾರೋ ಎಕ್ಸೆಲ್ಲಿಗೆ ಹಾಕಿದ್ದಾರೆ. ಬಿಂದುವಿನ ನಂತರ ಎರಡೇ ಅಂಕಿ ಉಳಿದಿವೆ: 13.13, 75.64. ಎರಡು ಅಂಕಿ ಅಂದರೆ ಒಂದು ಕಿಲೋಮೀಟರಿಗೂ ಜಾಸ್ತಿ ಅಗಲದ ಅಂದಾಜು. ಏಳು ಜನರ ತೋಟವೂ ಅದರೊಳಗೇ ಬಂತು. ಕಾಫಿ ಕೊಳ್ಳುವವರಿಂದ ಫೋನ್ ಬಂತು: "ಸಾರ್, ನೀವು ಏಳು ಜನ ಒಂದೇ ಗಿಡದ ಕಾಫಿ ಕುಯ್ತೀರಾ ಅಂತ ಇಟಲಿಯವರು ಕೇಳ್ತಿದ್ದಾರೆ."

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದು ನಿವೃತ್ತನಾದವನು. ಈ ಮಾತು ಕೇಳಿ ನಾಚಿಕೆ ಆಯಿತು. ಅಂದಿನಿಂದ ಅಕ್ಕಪಕ್ಕದವರ ಗಡಿ ಕೆಲಸ ನನ್ನ ಜಗಲಿಗೇ ಬರುತ್ತಿದೆ. ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕಮಗಳೂರು, ಹಾಸನ ಎರಡೂ ಕಡೆಯ ಬೆಳೆಗಾರರಿಗೆ ಇದು ನಡೆಯುತ್ತದೆ.

ಮೊದಲು ಇದೆಲ್ಲ ಯಾಕೆ ಅಂತ ಎರಡು ಮಾತು. ಯುರೋಪಿಯನ್ ಯೂನಿಯನ್ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವನ್ನು ಅಲ್ಲಿ ಮಾರುವಂತಿಲ್ಲ. ಹಾಗಾಗಿ ಕಾಫಿ ಬೆಳೆದ ಜಾಗ ಎಲ್ಲಿದೆ ಅಂತ ಅಂಕಿ ಸಮೇತ ತೋರಿಸಬೇಕು. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ. ಆದರೆ ಕೊಳ್ಳುವವರು ಕಾಯುತ್ತಾ ಕೂತಿಲ್ಲ, ಈಗಲೇ ಕೇಳುತ್ತಿದ್ದಾರೆ.

ನಿಮ್ಮ ಗಡಿಯ ಫೈಲು ಹೋಗುವ ದಾರಿ ನೋಡಿ. ನಿಮ್ಮಿಂದ ಕಾಫಿ ವ್ಯಾಪಾರಿಗೆ, ಅಲ್ಲಿಂದ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ, ರಫ್ತು ಮಾಡುವವರಿಗೆ, ಯುರೋಪಿನ ಆಮದುದಾರರಿಗೆ. ಕೊನೆಗೆ ಆಮದುದಾರರು ಅದನ್ನು ಯೂನಿಯನ್ನಿನ ಗಣಕ ವ್ಯವಸ್ಥೆಗೆ ಹಾಕುತ್ತಾರೆ. ಇದರ ಪಕ್ಕದಲ್ಲೇ ಕಾಫಿ ಬೋರ್ಡ್ ನೋಂದಣಿ ಬೇರೆ, ರೈನ್‌ಫಾರೆಸ್ಟ್ ಅಲಯನ್ಸ್ ತರಹದ ಸರ್ಟಿಫಿಕೇಟ್ ಕೊಡುವವರು ಬೇರೆ. ಒಬ್ಬೊಬ್ಬರು ಬಂದಾಗಲೂ ಒಂದೊಂದು ಸಲ ಗೆರೆ ಎಳೆದುಕೊಟ್ಟರೆ ಒಂದೇ ತೋಟಕ್ಕೆ ಐದು ಆಕಾರ ಹುಟ್ಟುತ್ತವೆ. ಟಿಪ್ಪಣಿ, ಆಕಾರ್‌ಬಂದ್, ಪಹಣಿ ಈ ಮೂರು ಜಮೀನು ದಾಖಲೆಗಳೂ ಬೇರೆ ಬೇರೆ ಹೇಳಿದರೆ ಏನಾಗುತ್ತದೆ ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಇಲ್ಲೂ ಅದೇ ಕಾಯಿಲೆ.

ಹಾಗಾಗಿ ಒಂದು ಸಲ ಸರಿಯಾಗಿ ನಡೆದು ಒಂದು ಮೂಲ ಫೈಲು ಮಾಡಿ. ಅದನ್ನು ಒಬ್ಬರೇ ಇಟ್ಟುಕೊಳ್ಳಿ. ಯಾರು ಕೇಳಿದರೂ ಅದರ ಪ್ರತಿಯನ್ನೇ ಕೊಡಿ.

ತೋಟ ಸುತ್ತುವುದು

ಕಾನೂನಿನ ಪ್ರಕಾರ 4 ಹೆಕ್ಟೇರಿಗಿಂತ ದೊಡ್ಡ ತಾಕಿಗೆ (ಒಂದು ತುಂಡು ಜಮೀನಿಗೆ) ಪೂರ್ತಿ ಗಡಿ ಬೇಕು. ಅದಕ್ಕಿಂತ ಚಿಕ್ಕದಾದರೆ ಒಂದು ಚುಕ್ಕಿ ಸಾಕು. ನಮ್ಮ ಲೆಕ್ಕದಲ್ಲಿ 4 ಹೆಕ್ಟೇರ್ ಅಂದರೆ ಸುಮಾರು 9 ಎಕರೆ 35 ಗುಂಟೆ. ಆದರೂ ಐದು ಎಕರೆಯವರಿಗೂ ಗಡಿಯನ್ನೇ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ಒಂಟಿ ಚುಕ್ಕಿ ಸ್ವಲ್ಪ ಜರುಗಿದರೂ ಪಕ್ಕದವರ ತೋಟಕ್ಕೋ ಮೀಸಲು ಅರಣ್ಯಕ್ಕೋ ಹೋಗಿ ಬೀಳುತ್ತದೆ. ಗಡಿ ಇದ್ದರೆ ತಪ್ಪು ಕಣ್ಣಿಗೆ ಕಾಣುತ್ತದೆ.

ಕೊಯ್ಲು ಮುಗಿದು, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಆದ ಮೇಲೆ, ಮಳೆ ಹಿಡಿಯುವ ಮೊದಲು ನಡೆಯಿರಿ. ದಟ್ಟ ನೆರಳಿನಲ್ಲಿ ಫೋನಿನ ಜಿಪಿಎಸ್ ತಡವರಿಸುತ್ತದೆ. ಬಯಲಲ್ಲಿ ಐದು ಮೀಟರಿನೊಳಗೆ ಹೇಳುವ ಫೋನು ಹಲಸು, ಅತ್ತಿ, ಸಿಲ್ವರ್ ಓಕ್ ಅಡಿಯಲ್ಲಿ ಇನ್ನೂ ಆಚೀಚೆ ಹೋಗುತ್ತದೆ. ಮೂಲೆಮೂಲೆಯಲ್ಲಿ ಒಂದೆರಡು ನಿಮಿಷ ನಿಲ್ಲಿ. ಕ್ಯೂಫೀಲ್ಡ್ ಅನ್ನುವ ಉಚಿತ ಆ್ಯಪ್ ನನಗೆ ಒಗ್ಗಿದೆ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ. ಸಿಗ್ನಲ್ ಇಲ್ಲ ಅಂತ ಸುಮ್ನೆ ವಾಪಸ್ ಬರಬೇಡಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೋಡಿ.

ಕಾಫಿ ಇರುವಷ್ಟನ್ನು ಮಾತ್ರ ಸುತ್ತಿ. ಗದ್ದೆ, ಕೆರೆ, ಮನೆ, ಕಣ ಬಿಡಿ.

ಇಲ್ಲಿ ಎಲ್ಲರಿಗೂ ಒಂದು ಗಾಬರಿ ಬರುತ್ತದೆ. ಪಹಣಿಯಲ್ಲಿ 5 ಎಕರೆ 12 ಗುಂಟೆ, ನಡೆದು ಬಂದರೆ ಫೋನು 4 ಎಕರೆ 30 ಗುಂಟೆ ಅನ್ನುತ್ತದೆ. ತಕ್ಷಣ ಗೆರೆ ಎಳೆದು ಹಿಗ್ಗಿಸುತ್ತಾರೆ. ದಯವಿಟ್ಟು ಬೇಡ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಇರುತ್ತದೆ, ಗದ್ದೆ ಇರುತ್ತದೆ, ಎಷ್ಟೋ ಕಡೆ ಪೋಡಿಯೇ (ಪಾಲು ಅಳೆದು ಬೇರೆ ನಂಬರ್ ಕೊಡುವುದು) ಆಗಿರುವುದಿಲ್ಲ. ಎರಡೂ ಅಂಕಿಯನ್ನು ಫೈಲಿನಲ್ಲಿ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಅಣ್ಣತಮ್ಮಂದಿರು ಒಂದೇ ಸರ್ವೆ ನಂಬರಿನಲ್ಲಿ ಇದ್ದರೆ ಇಬ್ಬರನ್ನೂ ನಿಲ್ಲಿಸಿಕೊಂಡು ನಡುವಿನ ಗೆರೆಯನ್ನು ಒಂದೇ ಸಲ ಹಿಡಿಯಿರಿ, ಎರಡೂ ತಾಕಿಗೆ ಅದನ್ನೇ ಬಳಸಿ. "ಇದು ಸರ್ಕಾರದವರು ಗಡಿ ಗುರುತಿಸುವ ಹದ್ದುಬಸ್ತು ಅಲ್ಲ, ಈ ಗೆರೆಯಿಂದ ಯಾರಿಗೂ ಹಕ್ಕು ಬರೋದಿಲ್ಲ" ಅಂತ ಮೊದಲೇ ಹೇಳಿಬಿಡಿ. ನಾನು ಒಂದು ಮನೆಯಲ್ಲಿ ಇದನ್ನು ಹೇಳುವುದು ಮರೆತೆ. ಸಂಜೆಯ ತನಕ ಜಗಳ ಬಿಡಿಸುವುದೇ ಕೆಲಸವಾಯಿತು.

ಅಂಕಿಗಳ ಜಾತಕ

ಬಿಂದುವಿನ ನಂತರ ಆರು ಅಂಕಿ ಬೇಕು ಅನ್ನುತ್ತದೆ ಕಾನೂನು. ಆರನೆಯ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ನಮ್ಮ ಫೋನಿಗೆ ಅಷ್ಟು ಕಣ್ಣಿಲ್ಲ, ಅದು ಬೇರೆ ಮಾತು. ಫೋನು ಕೊಟ್ಟ ಅಂಕಿಯನ್ನು ಕತ್ತರಿಸಬೇಡಿ, ಇಲ್ಲದ ಅಂಕಿಗೆ ಸೊನ್ನೆ ಸುರಿಯಬೇಡಿ. ಎಕ್ಸೆಲ್ಲಿಗೆ ಹಾಕಲೇಬೇಕಾದರೆ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ.

ಅಂಕಿಗಳು ಡಬ್ಲ್ಯುಜಿಎಸ್ 84 ಎಂಬ ಅಳತೆಯಲ್ಲಿ ಇರಬೇಕು. ಫೋನು ಕೊಡುವುದು ಅದನ್ನೇ. ತೊಂದರೆ ಬರುವುದು ಹಳೆಯ ಟೋಪೋಶೀಟ್ (ಸರ್ವೆ ಆಫ್ ಇಂಡಿಯಾದ ನಕ್ಷೆ) ನೋಡಿ ಗೆರೆ ಎಳೆದಾಗ. ಹಳೆಯ ಶೀಟುಗಳು ಎವರೆಸ್ಟ್ ಅಳತೆಯವು. ನಮ್ಮ ಕಡೆ ಎರಡರ ನಡುವೆ ನೂರು ಮೀಟರಿಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಅಷ್ಟಾದರೆ ತೋಟ ಹಳ್ಳ ದಾಟಿ ಆಚೆ ದಂಡೆಗೆ ಹೋದಂತೆ. ಇನ್ನೊಂದು ತಮಾಷೆ: 13 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶ ಎರಡೂ ಸೇರುವುದು ನಮ್ಮ ಆಲೂರಿನ ಹತ್ತಿರ. 48ಒ, 48ಪಿ, 57ಸಿ, 57ಡಿ ನಾಲ್ಕೂ ಶೀಟುಗಳು ಅಲ್ಲೇ ಕೂಡುತ್ತವೆ. ಆ ಕಡೆ ಕೆಲಸ ಬಿದ್ದರೆ ನಾವು ನಾಲ್ಕೂ ಸುರುಳಿ ಹೊತ್ತುಕೊಂಡೇ ಹೋಗುತ್ತಿದ್ದೆವು.

ಈಗ ಮುಖ್ಯ ವಿಷಯ. ಯೂನಿಯನ್ನಿನ ವ್ಯವಸ್ಥೆ ಜಿಯೋಜೇಸನ್ ಅನ್ನುವ ಬಗೆಯ ಫೈಲು ತೆಗೆದುಕೊಳ್ಳುತ್ತದೆ. ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಗೂಗಲ್ ಮ್ಯಾಪ್ ನಮಗೆ ತೋರಿಸುವುದು ಉಲ್ಟಾ: ಅಕ್ಷಾಂಶ ಮೊದಲು. ಅಲ್ಲಿಂದ ನಕಲು ಮಾಡಿ ಇಲ್ಲಿಗೆ ಅಂಟಿಸಿದರೆ ಮೂಡಿಗೆರೆಯ ತೋಟ ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಸಮುದ್ರದಲ್ಲಿ ತೇಲುತ್ತದೆ. ಕಾಫಿಗಿಂತ ಮುಂಚೆ ತೋಟವೇ ಯುರೋಪ್ ಕಡೆ ಹೊರಟ ಹಾಗೆ. ಒಂದು ಸುಲಭ ಪರೀಕ್ಷೆ ಇದೆ. ನಮ್ಮ ಎರಡೂ ಜಿಲ್ಲೆಯಲ್ಲಿ ಮೊದಲ ಅಂಕಿ 75 ಅಥವಾ 76ರಿಂದ, ಎರಡನೆಯದು 12 ಅಥವಾ 13ರಿಂದ ಶುರುವಾಗಬೇಕು. ಹಾಗಿಲ್ಲದಿದ್ದರೆ ಕಳಿಸಬೇಡಿ.

ಗಡಿ ಶುರುವಾದ ಚುಕ್ಕಿಯಲ್ಲೇ ಮುಗಿಯಬೇಕು. ಗೆರೆ ಎಲ್ಲೂ ಎಂಟರ ಆಕಾರದಲ್ಲಿ ತನ್ನನ್ನು ತಾನೇ ದಾಟಬಾರದು. ಕ್ಯೂಜಿಐಎಸ್‌ನಲ್ಲಿ (ಗಣಕದ ಉಚಿತ ನಕ್ಷೆ ತಂತ್ರಾಂಶ) ಇವೆರಡನ್ನೂ ಪರೀಕ್ಷಿಸಬಹುದು.

ಕೆಲವರು ಶೇಪ್‌ಫೈಲ್ ಕೇಳುತ್ತಾರೆ. ಅದು ಒಂದು ಫೈಲಲ್ಲ, ಒಂದು ಸಂಸಾರ. ಒಂದೇ ಹೆಸರಿನ ಮೂರ್ನಾಲ್ಕು ಫೈಲು ಜೊತೆಯಲ್ಲೇ ಇರಬೇಕು. ಎಲ್ಲವನ್ನೂ ಜಿಪ್ ಮಾಡಿಯೇ ಕಳಿಸಿ. ಅದರಲ್ಲಿ ಕಾಲಂ ಹೆಸರು ಹತ್ತು ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ, ಕನ್ನಡ ಅಕ್ಷರ ಎಷ್ಟೋ ಸಲ ಪ್ರಶ್ನೆ ಚಿಹ್ನೆಯಾಗುತ್ತದೆ.

ಹೆಸರಿನ ಬದಲು ನಂಬರ್

ಇಂಗ್ಲಿಷಿನಲ್ಲಿ ನಮ್ಮೂರುಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಸಕಲೇಶಪುರಕ್ಕೇ ನಾಲ್ಕು ರೂಪ ನೋಡಿದ್ದೇನೆ. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ 2014ರಲ್ಲಿ ಬದಲಾಯಿತು, ಹಳೆಯದು ಇನ್ನೂ ಅರ್ಧ ಫೈಲುಗಳಲ್ಲಿ ಉಳಿದಿದೆ. ಹಾಗಾಗಿ ಪ್ರತಿ ತಾಕಿಗೂ ಬದಲಾಗದ ಒಂದು ನಂಬರ್ ಕೊಡಿ. ನಾನು 2011ರ ಜನಗಣತಿಯ ಸಂಕೇತ ಬಳಸುತ್ತೇನೆ: ಕರ್ನಾಟಕ 29, ಚಿಕ್ಕಮಗಳೂರು 570, ಹಾಸನ 574, ಆಮೇಲೆ ಹಳ್ಳಿಯ ಸಂಕೇತ, ಕೊನೆಗೆ ನಮ್ಮ ಪಟ್ಟಿಯ ಕ್ರಮಸಂಖ್ಯೆ. ಪಂಚಾಯತ್ ಕೆಲಸಕ್ಕೆ ಬಳಸುವ ಎಲ್‌ಜಿಡಿ ಸಂಕೇತವೇ ಬೇರೆ. ಯಾವುದನ್ನು ಹಿಡಿದಿದ್ದೀರಿ ಅಂತ ಬರೆದಿಡಿ.

ಹೊರಗೆ ಹೋಗುವ ಪ್ರತಿಯಲ್ಲಿ ಆಧಾರ್, ಫೋನ್ ನಂಬರ್, ಬ್ಯಾಂಕ್ ವಿವರ ಏನೂ ಬೇಡ. ನಂಬರಿಗೂ ಹೆಸರಿಗೂ ಹೊಂದಿಸುವ ಪಟ್ಟಿ ನಿಮ್ಮ ಬಳಿಯೇ ಇರಲಿ.

ನಕ್ಷೆ ಹೊರದೇಶಕ್ಕೆ ಕಳಿಸಬಹುದಾ ಅಂತ ಬಹಳ ಜನ ಹೆದರಿ ಕೇಳುತ್ತಾರೆ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿತು. ನಕ್ಷೆ ಮಾಡಲು, ಹಂಚಲು ಮೊದಲಿನಂತೆ ಅನುಮತಿಗೆ ಅಲೆಯಬೇಕಾಗಿಲ್ಲ. ಆದರೆ ಅಡ್ಡಳತೆಯಲ್ಲಿ 1 ಮೀಟರಿಗಿಂತ, ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶ ಭಾರತೀಯರ ಕೈಯಲ್ಲೇ, ಭಾರತದಲ್ಲೇ ಇರಬೇಕು. ಫೋನಿನ ಗಡಿ ಅಷ್ಟು ಸೂಕ್ಷ್ಮವಲ್ಲ, ಹೆದರಬೇಡಿ. ಡಿಜಿಪಿಎಸ್‌ನಲ್ಲಿ ಸೆಂಟಿಮೀಟರ್ ಲೆಕ್ಕಕ್ಕೆ ಅಳೆಸಿದ ನಕ್ಷೆ ಇದ್ದರೆ ಅದನ್ನು ಹಾಗೇ ಕಳಿಸಬೇಡಿ.

ಮೇಲಿಂದ ನೋಡಿದರೆ ಕಾಡು

ನಮ್ಮ ಕಾಫಿಯ ದೊಡ್ಡ ತಲೆನೋವು ಇದು. ಬ್ರೆಜಿಲಿನ ಬಯಲು ತೋಟ ಮೇಲಿಂದ ತೋಟದ ಹಾಗೇ ಕಾಣುತ್ತದೆ. ನಮ್ಮದು ಮರದಡಿಯ ಕಾಫಿ. ಉಪಗ್ರಹಕ್ಕೆ ಮರದ ತಲೆ ಕಾಣುತ್ತದೆ, ಬುಡದ ಗಿಡ ಕಾಣುವುದಿಲ್ಲ. ಯೂನಿಯನ್ನಿನ ಸಂಶೋಧನಾ ಕೇಂದ್ರ 2020ರ ಅರಣ್ಯ ನಕ್ಷೆಯೊಂದನ್ನು ಮಾಡಿದೆ. ನಿಮ್ಮ ತೋಟ ಅದರಲ್ಲಿ ಹಸಿರು ಬಣ್ಣಕ್ಕೆ ಬಿದ್ದರೆ ಎದೆ ಒಡೆದುಕೊಳ್ಳಬೇಡಿ. ಮರಗಳ ನಡುವಿನ ಕೃಷಿಯನ್ನು ಆ ಕಾನೂನು ಕಾಡು ಅಂತ ಎಣಿಸುವುದಿಲ್ಲ, ಆ ನಕ್ಷೆಯೇ ಕೊನೆಯ ಮಾತೂ ಅಲ್ಲ. ಆದರೆ ಪುರಾವೆ ನೀವು ಕೊಡಬೇಕು. 2020ಕ್ಕೆ ಮೊದಲಿನ ಕ್ಯೂರಿಂಗ್ ಬಿಲ್ಲು, ಪಹಣಿಯ ಬೆಳೆ ಕಾಲಂ, ಗಿಡದ ಬುಡದಲ್ಲಿ ನಿಂತು ತೆಗೆದ ಫೋಟೋ ಜೋಡಿಸಿಡಿ. ಯುರೋಪಿನದೇ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತವಾಗಿ ಸಿಗುತ್ತದೆ. ಜೂನ್-ಜುಲೈ ಚಿತ್ರ ತೆರೆದರೆ ಬರೀ ಮೋಡ. 2020ರ ಡಿಸೆಂಬರಿನದು ಹುಡುಕಿ, ಅದರ ಮೇಲೆ ನಿಮ್ಮ ಗಡಿ ಹಾಕಿ ಒಂದು ಪುಟ ಮಾಡಿ.

ಕಳಿಸುವಾಗ

ಫೈಲಿನ ಜೊತೆ ಅರ್ಧ ಪುಟದ ಚೀಟಿ ಇಡಿ: ಯಾರು ನಡೆದರು, ಯಾವ ತಿಂಗಳು, ಯಾವ ಫೋನು, ಎಷ್ಟು ಮೀಟರ್ ಆಚೀಚೆ ಇರಬಹುದು, ಒಟ್ಟು ಎಷ್ಟು ತಾಕು, ಎಷ್ಟು ಎಕರೆ. ವಾಟ್ಸ್ಆ್ಯಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಪರದೆಯ ಫೋಟೋ ತೆಗೆದು ಕಳಿಸುವವರು ಇನ್ನೂ ಇದ್ದಾರೆ!

ತಲುಪಿದ ಮೇಲೆ ಅವರ ಪರದೆಯಲ್ಲಿ ಕಾಣುವ ತಾಕಿನ ಸಂಖ್ಯೆ, ಒಟ್ಟು ವಿಸ್ತೀರ್ಣ ಕೇಳಿ ತರಿಸಿಕೊಳ್ಳಿ. ನೀವು ಕಳಿಸಿದ್ದು 43 ತಾಕು, ಅವರಿಗೆ ಕಾಣುವುದು 42 ಆದರೆ ಅವತ್ತೇ ಹಿಡಿಯಿರಿ. ಒಂದು ತಾಕು ಕೆಟ್ಟರೆ ಅದರ ಕಾಫಿ ಬೆರೆತ ಪೂರ್ತಿ ಲಾಟು ನಿಲ್ಲುತ್ತದೆ. ಏಳು ತೋಟದ ಕಥೆಯಲ್ಲಿ ನಾನು ಈ ಒಂದು ಪ್ರಶ್ನೆ ಕೇಳಿದ್ದರೆ ಇಟಲಿಯ ತನಕ ಹೋಗುತ್ತಿರಲಿಲ್ಲ.

ತಿದ್ದುಪಡಿ ಬಂದರೆ ಮೂಲದಲ್ಲೇ ತಿದ್ದಿ, ಹೆಸರಿನಲ್ಲಿ ಹೊಸ ತಾರೀಖು ಹಾಕಿ, ಹಿಂದೆ ಪಡೆದ ಎಲ್ಲರಿಗೂ ಮತ್ತೆ ಕಳಿಸಿ. ಯಾರಿಗೆ ಯಾವುದು ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಫೈಲನ್ನು ಮಾತ್ರ ಅಳಿಸಬೇಡಿ. ಆಮದುದಾರರು ದಾಖಲೆಗಳನ್ನು ಐದು ವರ್ಷ ಇಡಬೇಕು, ನಾವೂ ಅಷ್ಟು ವರ್ಷ ಇಡೋಣ. ತಮ್ಮ ಈ ವರ್ಷ ಪಾಲು ತೆಗೆದುಕೊಂಡು ಗೆರೆ ಬದಲಾದರೂ ಹೋದ ಕೊಯ್ಲಿನ ಕಾಫಿ ಬೆಳೆದದ್ದು ಹಳೆಯ ಗೆರೆಯೊಳಗೆ ತಾನೇ?