ಡಿಎನ್‌ಎ ದುರಸ್ತಿಯನ್ನು ಕಣ್ಣಾರೆ ಕಾಣುವ ಪ್ರಯೋಗ: ಮಾಡುವ ಬಗೆ

ಜೀವಕೋಶವು ತನ್ನ ಡಿಎನ್‌ಎಯನ್ನು ತಾನೇ ಸರಿಪಡಿಸಿಕೊಳ್ಳುವುದನ್ನು ಕರಿಹಲಗೆಯ ಮೇಲಷ್ಟೇ ಕಲಿಸಬೇಕಾಗಿಲ್ಲ. ರಾಯಚೂರು, ಸಿಂಧನೂರು ಕಡೆಯ ಪದವಿ ಕಾಲೇಜಿನಲ್ಲಿ ಲ್ಯಾಮಿನಾರ್ ಫ್ಲೋ (ಸೋಸಿದ ಶುದ್ಧ ಗಾಳಿ ಹರಿಯುವ ಕೆಲಸದ ಪೆಟ್ಟಿಗೆ) ಇದ್ದರೆ ಅದರ ನೇರಳಾತೀತ ದೀಪ ಮತ್ತು ಬೇಕರಿಯ ಯೀಸ್ಟ್ ಸಾಕು.

ಚಿಟಿಕೆ ಯೀಸ್ಟನ್ನು ಕ್ರಿಮಿಶುದ್ಧ ನೀರಿನಲ್ಲಿ ಕದಡಿ, ಪ್ರತಿ ಹಂತದಲ್ಲಿ ಹತ್ತು ಪಟ್ಟು ತೆಳುವಾಗಿಸುತ್ತ ಹೋಗಿ, ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗರ್ (ಯೀಸ್ಟ್ ಬೆಳೆಯಲು ಬೇಕಾದ ಆಹಾರವಿರುವ ಗಟ್ಟಿ ಲೋಳೆ) ಹಾಕಿದ ತಟ್ಟೆಗಳ ಮೇಲೆ ಹರಡಬೇಕು. ಕೆಲವು ತಟ್ಟೆಗಳನ್ನು ದೀಪಕ್ಕೆ ಒಡ್ಡದೆ ಹೋಲಿಕೆಗೆಂದು ಇಟ್ಟುಕೊಂಡು, ಉಳಿದವನ್ನು ಮುಚ್ಚಳ ತೆಗೆದು 10, 20, 40 ಸೆಕೆಂಡು ಒಡ್ಡಬೇಕು. ಮುಚ್ಚಳವಿದ್ದರೆ 254 ನ್ಯಾನೊಮೀಟರಿನ ಕಿರಣ ಒಳಗೆ ಇಳಿಯುವುದೇ ಇಲ್ಲ. ದೀಪ ಉರಿಯುವಾಗ ಕಣ್ಣನ್ನಾಗಲಿ ಕೈಯನ್ನಾಗಲಿ ಒಡ್ಡಬಾರದು.

ಕೋಣೆಯಲ್ಲಿ ಮಂದವಾದ ಕೆಂಪು ಬಲ್ಬು ಮಾತ್ರ ಇರಲಿ. ಒಡ್ಡಿದ ತಟ್ಟೆಗಳಲ್ಲಿ ಅರ್ಧದಷ್ಟನ್ನು ಕೂಡಲೇ ಕಪ್ಪು ಕಾಗದದಲ್ಲಿ ಸುತ್ತಿ, ಎಲ್ಲವನ್ನೂ ಒಂದು ಗಂಟೆ ಟ್ಯೂಬ್‌ಲೈಟಿನ ಕೆಳಗೆ ಅಕ್ಕಪಕ್ಕದಲ್ಲೇ ಇಡಬೇಕು. ಮೊದಲ ಸಲ ನಾನು ಬೆಳಕಿನ ತಟ್ಟೆಗಳನ್ನು ಏಪ್ರಿಲ್ ಬಿಸಿಲಿಗೆ ಕಿಟಕಿಯಲ್ಲಿಟ್ಟಿದ್ದೆ. ಅಗರ್ ಒಣಗಿ ಬಿರಿಯಿತು, ವಿದ್ಯಾರ್ಥಿಗಳು ‘ಬೆಳಕು ಕೊಲ್ಲುತ್ತದೆ’ ಎಂದು ದಾಖಲೆ ಪುಸ್ತಕದಲ್ಲಿ ಬರೆದರು. ಕೊಂದದ್ದು ನಮ್ಮೂರಿನ ಕಾವು. ಆಮೇಲೆ ಎಲ್ಲವನ್ನೂ 30 ಡಿಗ್ರಿಯಲ್ಲಿ, ಕತ್ತಲಲ್ಲಿ, ಎರಡು ಮೂರು ದಿನ ಬೆಳೆಸಿ ಬಿಳಿಯ ಚುಕ್ಕೆಗಳನ್ನು ಎಣಿಸಬೇಕು; ಒಂದೊಂದು ಚುಕ್ಕೆಯೂ ಬದುಕುಳಿದ ಕೋಶದಿಂದ ಬೆಳೆದ ಗುಂಪು.

ಬೆಳಕು ಕಂಡ ತಟ್ಟೆಯಲ್ಲಿ ಚುಕ್ಕೆಗಳು ಹೆಚ್ಚಿರುತ್ತವೆ. ನೇರಳಾತೀತ ಕಿರಣವು ಡಿಎನ್‌ಎಯ ಎರಡು ಎಳೆಗಳ ಪೈಕಿ ಒಂದೇ ಎಳೆಯಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಥೈಮಿನ್‌ಗಳನ್ನು (ಡಿಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ ಒಂದು) ಬೆಸೆದುಬಿಡುತ್ತದೆ. ಫೋಟೋಲೈಯೇಸ್ ಎಂಬ ಕಿಣ್ವವು ನೀಲಿ ಬೆಳಕಿನ ಶಕ್ತಿಯನ್ನು ಹೀರಿ, ಎಳೆಯನ್ನು ಕತ್ತರಿಸದೆಯೇ ಆ ಬೆಸುಗೆಯನ್ನು ಬಿಡಿಸುತ್ತದೆ. ಕತ್ತಲಿನ ತಟ್ಟೆಯಲ್ಲೂ ಕೆಲವು ಕೋಶಗಳು ಬದುಕುವುದು ಇನ್ನೊಂದು ಹಾದಿಯಿಂದ: ಹಾನಿಯ ಎರಡೂ ಬದಿಯಲ್ಲಿ ಎಳೆಯನ್ನು ಕತ್ತರಿಸಿ, ಸುಮಾರು 30 ನ್ಯೂಕ್ಲಿಯೋಟೈಡ್‌ಗಳ (ಎಳೆಯ ಬಿಡಿ ಘಟಕಗಳ) ತುಂಡನ್ನು ಕಿತ್ತು, ಎದುರಿನ ಎಳೆಯನ್ನು ನೋಡಿ ತುಂಬಿ, ಲೈಗೇಸ್ ಎಂಬ ಕಿಣ್ವದಿಂದ ಅಂಟಿಸುವ ಹಾದಿ. ಮನುಷ್ಯರಲ್ಲಿ ಫೋಟೋಲೈಯೇಸ್ ಇಲ್ಲ, ಈ ಹಾನಿಗೆ ನಮಗೆ ಮುಖ್ಯವಾಗಿ ಎರಡನೆಯದೇ ಗತಿ. ಆ ಹಾದಿ ಕೆಟ್ಟಿರುವ, ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ಕಾಯಿಲೆಯ ರೋಗಿಗಳಿಗೆ ಬಿಸಿಲಿನಿಂದಲೇ ಚರ್ಮದ ಕ್ಯಾನ್ಸರ್ ಎಳೆವಯಸ್ಸಿನಲ್ಲಿ ತಗಲುತ್ತದೆ. ಈ ಎರಡೂ ಹಾದಿಗಳನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಅಜೀಜ್ ಸಂಜಾರ್ ಅವರು 2015ರ ರಸಾಯನಶಾಸ್ತ್ರ ನೊಬೆಲ್‌ನ ಮೂವರಲ್ಲಿ ಒಬ್ಬರು.

ಎರಡು ಬಗೆಯ ತಟ್ಟೆಗಳಲ್ಲೂ ಎಣಿಕೆ ಒಂದೇ ಬಂದರೆ ಯೀಸ್ಟನ್ನು ದೂರುವ ಮೊದಲು, ಕಾಗದ ಸುತ್ತುವಾಗ ಯಾರಾದರೂ ಟ್ಯೂಬ್‌ಲೈಟ್ ಹಾಕಿದ್ದರೇ ಎಂದು ವಿಚಾರಿಸಬೇಕು.